‘ಜಾರಿ ಬಿದ್ದೆ’ ಅನ್ನುವ ಹೆಣ್ಣುಮಗಳು ಎದುರು ಕೂತಾಗ: ಕೊಡಗಿನಲ್ಲಿ ನೊಂದವರ ಜೊತೆ ಕೆಲಸ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರ್‌ಗಳು, ನರ್ಸ್‌ಗಳು, ಹೊಸದಾಗಿ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಬಂದ ಡಾಕ್ಟರ್‌ಗಳು, ಶಾಲೆಯ ಮೇಡಂಗಳು, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ಒಬ್ಬಿಬ್ಬರು ಎಸ್ಟೇಟ್ ರೈಟರ್‌ಗಳು. ಮನೆಯಲ್ಲಿ ಹೊಡೆತ, ಹಿಂಸೆ ಅನುಭವಿಸುವ ಹೆಣ್ಣುಮಕ್ಕಳ ಬಗ್ಗೆ ಆಪ್ತಸಮಾಲೋಚಕಿಯಾದ ನನ್ನನ್ನು ಇವರೆಲ್ಲ ವರ್ಷಗಳಿಂದ ಕೇಳುತ್ತಾ ಬಂದ ಪ್ರಶ್ನೆಗಳು ಇವು. ಉತ್ತರಗಳಲ್ಲಿ ಕಾನೂನಿನ ಮಾತು ಬಹಳ ಬರುತ್ತದೆ. ಆದರೆ ನಾನು ಒತ್ತಿ ಹೇಳುವುದು ಒಂದನ್ನೇ: ಅವಸರ ಬೇಡ. ಗಂಡನ ಜೊತೆ ರಾಜಿ ಮಾಡಿಸಿ ಕಳಿಸುವ ಅವಸರವೂ ಬೇಡ, ಇವತ್ತೇ ಮನೆ ಬಿಡು ಅನ್ನುವ ಅವಸರವೂ ಬೇಡ. ಆಕೆಗೆ ಎರಡರಿಂದಲೂ ಏಟು ಬೀಳುತ್ತದೆ.

ನಮ್ಮ ಕೊಡಗಿನಲ್ಲಿ ಹೆಣ್ಣಿಗೆ ಒಳ್ಳೆ ಸ್ಥಾನ ಇದೆಯಲ್ಲ, ಇಲ್ಲೂ ಇದು ಇಷ್ಟೊಂದು ಇದೆಯಾ?

2011ರ ಜನಗಣತಿಯಲ್ಲಿ ಕೊಡಗಿನಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು. ಕೊಡವರಲ್ಲಿ ವರದಕ್ಷಿಣೆ ಕೊಡುವ ಪದ್ಧತಿ ಇಲ್ಲ ಎಂಬ ಹೆಮ್ಮೆಯೂ ನಮಗಿದೆ. ಆ ಹೆಮ್ಮೆ ಇರಲಿ. ಆದರೆ ವರದಕ್ಷಿಣೆ ಇಲ್ಲದ ಮನೆಯಲ್ಲೂ ಕೈ ಎತ್ತುವವರಿದ್ದಾರೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಕರ್ನಾಟಕದಲ್ಲಿ ಶೇ. 44.4. ದೇಶದ ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಹೊಡೆತ ತಿಂದವರಲ್ಲಿ ಯಾರಾದರೊಬ್ಬರ ಹತ್ತಿರ ಸಹಾಯ ಕೇಳಿದವರು ದೇಶದಲ್ಲಿ ಶೇ. 14 ಮಾತ್ರ. ಉಳಿದವರು ನಿಮ್ಮ ಕೇಂದ್ರಕ್ಕೆ ತಲೆನೋವು, ನಿದ್ದೆ ಇಲ್ಲ, ಜಾರಿ ಬಿದ್ದೆ, ಮಗುವಿಗೆ ಜ್ವರ ಎಂದು ಬರುತ್ತಾರೆ.

ಆಕೆ ತಾನಾಗಿ ಹೇಳುತ್ತಿಲ್ಲ. ನಾನೇ ಕೇಳಬಹುದಾ?

ಕೇಳಬಹುದು, ಕೇಳಬೇಕು. ಆದರೆ ಆಕೆ ಒಬ್ಬಳೇ ಇರುವಾಗ. ಅತ್ತೆ ಜೊತೆಗಿದ್ದರೆ ಬೇಡ, ಮಾತು ಬಂದ ಮಗು ಮಡಿಲಲ್ಲಿದ್ದರೂ ಬೇಡ. ಬಿಪಿ ನೋಡಬೇಕು, ತೂಕ ನೋಡಬೇಕು, ಒಳಗೆ ಬನ್ನಿ ಎಂದು ಕರೆದರೆ ಯಾರೂ ಅನುಮಾನ ಪಡುವುದಿಲ್ಲ.

‘ಗಂಡ ಹೊಡೀತಾನಾ?’ ಎಂದು ನೇರವಾಗಿ ಎರಗಿದರೆ ಹೆಚ್ಚಿನವರು ಇಲ್ಲ ಎನ್ನುತ್ತಾರೆ. ‘ಇಂಥ ಗಾಯ ಬೇರೆಯವರು ಮಾಡಿದಾಗಲೂ ಆಗುತ್ತೆ, ಅದಕ್ಕೇ ನಾನು ಎಲ್ಲರನ್ನೂ ಕೇಳ್ತೀನಿ, ಮನೆಯಲ್ಲಿ ಯಾರಾದರೂ ಕೈ ಮಾಡಿದ್ರಾ?’ ಎಂದು ಕೇಳಿ ನೋಡಿ. ಇಲ್ಲ ಎಂದರೆ ಬಿಟ್ಟುಬಿಡಿ. ‘ಯಾವಾಗ ಬೇಕಾದರೂ ಬಂದು ಹೇಳಬಹುದು’ ಎಂದಷ್ಟೇ ಹೇಳಿ. ಹೀಗೆ ಬಿಟ್ಟವರು ಎರಡು ತಿಂಗಳ ಮೇಲೆ ತಾವಾಗಿ ಬಂದದ್ದನ್ನು ನಾನು ಬಹಳ ಸಲ ಕಂಡಿದ್ದೇನೆ.

ಇನ್ನು ಭಾಷೆ. ನಮ್ಮ ಜಿಲ್ಲೆಯಲ್ಲಿ ಒಂದೇ ಬೆಳಿಗ್ಗೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವರ ಮಾತು, ಕೊಯ್ಲಿನ ಕಾಲವಾದರೆ ಅಸ್ಸಾಂ ಕಡೆಯ ಮಾತು ಎಲ್ಲ ಬರುತ್ತವೆ. ಮಾತು ತಿಳಿಯದಿದ್ದರೆ ಗಂಡನನ್ನೋ ಮೇಸ್ತ್ರಿಯನ್ನೋ ಕರೆದು ‘ಏನಂತೆ ಕೇಳಿ’ ಎನ್ನಬೇಡಿ. ಮಕ್ಕಳನ್ನಂತೂ ಕೂಡದು. ಬೇರೆ ಲೈನಿನ (ತೋಟದ ಕೂಲಿಗಳ ಸಾಲುಮನೆಯ), ಆಕೆಗೆ ನೆಂಟಸ್ತಿಕೆ ಇಲ್ಲದ ಒಬ್ಬ ಹೆಂಗಸನ್ನು ಹುಡುಕಿ. ಇನ್ನೊಂದು ಚಿಕ್ಕ ಮಾತು, ನನಗೆ ಅದು ಚಿಕ್ಕದಲ್ಲ: ಲೈನಿನಿಂದ ಬಂದವರನ್ನೂ ‘ನೀವು’ ಎಂದೇ ಮಾತಾಡಿಸಿ. ಮನೆಯಲ್ಲಿ ದಿನವೂ ‘ಏ’ ಎಂದು ಕರೆಸಿಕೊಳ್ಳುವವರಿಗೆ ಆ ಒಂದು ಪದ ತುಂಬ ದೂರ ಮುಟ್ಟುತ್ತದೆ.

ಹೇಳಿಕೊಂಡಳು. ಈಗ ನಾನೇನು ಮಾಡಲಿ?

ಮೊದಲು ಪೂರ್ತಿ ಕೇಳಿ. ‘ಇದು ನಿಮ್ಮ ತಪ್ಪಲ್ಲ’ ಎಂದು ಹೇಳಿ. ಒಮ್ಮೆ ಹೇಳಿದರೆ ಸಾಕಾಗುವುದಿಲ್ಲ, ಮತ್ತೊಮ್ಮೆ ಹೇಳಿ. ಆಮೇಲೆ ಒಂದೇ ಪ್ರಶ್ನೆ: ‘ಇವತ್ತು ರಾತ್ರಿ ಮನೆಗೆ ಹೋದರೆ ಏನಾಗುತ್ತೆ ಅನ್ನಿಸುತ್ತೆ?’ ಇದರ ಉತ್ತರ ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು. ‘ಏನಿಲ್ಲ, ಬಟವಾಡೆ ದಿನ ಮಾತ್ರ ಕುಡಿದು ಬರುತ್ತಾನೆ’ ಎಂದರೆ ನಿಮಗೆ ಮುಂದಿನ ಬಟವಾಡೆಯವರೆಗೆ ಕಾಲಾವಕಾಶ ಇದೆ. ‘ಸಾಯಿಸ್ತಾನೆ’ ಎಂದರೆ ಅದನ್ನು ಬಾಯಿಮಾತು ಎಂದು ತಳ್ಳಿಹಾಕಬೇಡಿ, ಆ ಮಾತಿನಲ್ಲಿ ಅತಿಶಯೋಕ್ತಿ ಹುಡುಕಬೇಡಿ.

‘ಯಾಕೆ ಇಷ್ಟು ದಿನ ಸುಮ್ಮನಿದ್ರಿ?’ ಈ ಪ್ರಶ್ನೆಯನ್ನು ದಯವಿಟ್ಟು ಯಾರೂ ಕೇಳಬೇಡಿ.

ಆಸ್ಪತ್ರೆ ಚೀಟಿಯಲ್ಲಿ ಏನು ಬರೆಯಬೇಕು?

ಇದಕ್ಕೆ ಉದ್ದ ಉತ್ತರ ಕೊಡುತ್ತೇನೆ. ಎಷ್ಟೋ ಕೇಸುಗಳು ನಿಂತದ್ದೂ ಬಿದ್ದದ್ದೂ ಈ ಚೀಟಿಯ ಮೇಲೆ.

ಒಮ್ಮೆ ಒಬ್ಬಾಕೆ ಸೆರಗಿನ ಗಂಟು ಬಿಚ್ಚಿ ನಾಲ್ಕು ಹೊರರೋಗಿ ಚೀಟಿ ನನ್ನ ಮೇಜಿನ ಮೇಲೆ ಒಂದೊಂದಾಗಿ ಹರಡಿದಳು. ಮಳೆಗೆ ನೆಂದು ಒಣಗಿ ಮಡಿಕೆಯಲ್ಲಿ ಹರಿದಿದ್ದವು. ಮೂರರಲ್ಲಿ ‘ಜಾರಿ ಬಿದ್ದ ಗಾಯ’ ಎಂದಿತ್ತು. ನಾಲ್ಕನೆಯದರಲ್ಲಿ ಯಾರೋ ಹುಡುಗಿ ಡಾಕ್ಟರ್ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: ‘ನಿನ್ನೆ ರಾತ್ರಿ 9 ಗಂಟೆಗೆ ಗಂಡ ಸೌದೆಯಿಂದ ಹೊಡೆದನೆಂದು ಹೇಳುತ್ತಾರೆ. ಎಡ ಮುಂಗೈ ಹೊರಭಾಗದಲ್ಲಿ 6 ಸೆಂ.ಮೀ. ಉದ್ದದ ನೀಲಿಗಟ್ಟಿದ ಬಾಸುಂಡೆ. ಹೇಳಿದ ಕಾರಣಕ್ಕೆ ಗಾಯ ಹೊಂದುತ್ತದೆ.’ ಮೂರೂವರೆ ಸಾಲು. ಮುಂಗೈಯ ಹೊರಭಾಗ ಎಂದರೆ ಏಟು ತಡೆಯಲು ಕೈ ಅಡ್ಡ ಹಿಡಿದಿದ್ದಾಳೆ ಎಂದರ್ಥ. ಅರ್ಜಿಗೆ ಆಧಾರವಾಗಿ ನಿಂತದ್ದು ಆ ಒಂದು ಚೀಟಿ.

ಆದ್ದರಿಂದ: ಆಕೆಯ ಮಾತನ್ನು ಆಕೆಯ ಮಾತಿನಲ್ಲೇ ಬರೆಯಿರಿ. ಯಾರು, ಯಾವಾಗ, ಯಾವುದರಿಂದ. ಗಾಯ ಎಲ್ಲಿ, ಎಷ್ಟು ಉದ್ದ, ಯಾವ ಬಣ್ಣ. ಹಳೆ ಕಲೆಗಳಿದ್ದರೆ ಅವನ್ನೂ ಬರೆಯಿರಿ. ‘ಆರೋಪಿಸುತ್ತಾಳೆ’ ಎನ್ನುವುದಕ್ಕಿಂತ ‘ಹೇಳುತ್ತಾರೆ’ ಒಳ್ಳೆಯದು. ‘ಕೌಟುಂಬಿಕ ಕಲಹ’ ಎಂದು ತೇಲಿಸಬೇಡಿ, ಕಲಹದಲ್ಲಿ ಇಬ್ಬರೂ ಹೊಡೆದಾಡಿದಂತೆ ಕೇಳಿಸುತ್ತದೆ. ಫೋಟೋ ತೆಗೆಯುವುದಾದರೆ ಒಪ್ಪಿಗೆ ಕೇಳಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ, ಮಾಡುವುದಾದರೆ ಪೊಲೀಸರಿಗೆ ಮಾಹಿತಿ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿಸಿ. ಮನೆಗೆ ಹೋದ ಮೇಲೆ ಠಾಣೆಯಿಂದ ಗಂಡನಿಗೆ ಫೋನ್ ಬಂದಾಗ ಆಕೆಗೆ ಗೊತ್ತಾಗುವಂತೆ ಆಗಬಾರದು.

2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದರ 2006ರ ನಿಯಮಗಳ ಪ್ರಕಾರ, ಕೌಟುಂಬಿಕ ಘಟನಾ ವರದಿ ಆಗಿಲ್ಲ ಎಂಬ ಕಾರಣಕ್ಕೆ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಅದರ ನಮೂನೆ 1 ತುಂಬಿ ರಕ್ಷಣಾಧಿಕಾರಿಗೆ (ಅವರು ಯಾರೆಂದು ಮುಂದೆ ಹೇಳುತ್ತೇನೆ) ಕಳಿಸಬೇಕು. ವೈದ್ಯಕೀಯ ವರದಿಯ ಪ್ರತಿಯನ್ನು ಆಕೆಗೆ ಪುಕ್ಕಟೆ ಕೊಡಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೂ ಒಳಹಳ್ಳಿಯ ಪಿಎಚ್‌ಸಿಗೂ ನಿಯಮ ಒಂದೇ.

ಕತ್ತು ಹಿಸುಕಿದ ಅನ್ನುತ್ತಾಳೆ, ಆದರೆ ಗುರುತೇ ಇಲ್ಲವಲ್ಲ?

ಗುರುತು ಇಲ್ಲದಿರುವುದು ಸಾಮಾನ್ಯ. ಕತ್ತು ಹಿಸುಕಿಸಿಕೊಂಡವರಲ್ಲಿ ಬಹಳ ಜನರ ಮೈಮೇಲೆ ಹೊರಗೆ ಏನೂ ಕಾಣುವುದಿಲ್ಲ. ಸ್ವರ ಬದಲಾಗಿದೆಯಾ, ನುಂಗಲು ಕಷ್ಟವಾ, ಕಣ್ಣಿನ ಬಿಳಿಯಲ್ಲಿ ಸಾಸಿವೆಯಂಥ ಕೆಂಪು ಚುಕ್ಕೆ ಇವೆಯಾ, ಆಗ ಕಣ್ಣು ಕತ್ತಲೆ ಬಂತಾ, ಗೊತ್ತಿಲ್ಲದೆ ಮೂತ್ರ ಹೋಯಿತಾ ಎಂದು ಕೇಳಿ, ಬರೆಯಿರಿ. ಒಳಗಿನ ಊತ, ರಕ್ತನಾಳದ ಪೆಟ್ಟು ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ತೊಂದರೆ ಕೊಡಬಹುದು. ಹಾಗಾಗಿ ಮಾತ್ರೆ ಕೊಟ್ಟು ಮನೆಗೆ ಕಳಿಸುವ ಪ್ರಕರಣ ಇದಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಿ.

ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬಹಳ ಹೆಚ್ಚು. ಹೊಡೆತ ದಿನೇ ದಿನೇ ಜಾಸ್ತಿಯಾಗುತ್ತಿರುವುದು, ಬಸುರಿಯಲ್ಲಿ ಹೊಡೆಯುವುದು, ‘ಬಿಟ್ಟು ಹೋದರೆ ಸಾಯಿಸ್ತೀನಿ’ ಎನ್ನುವುದು, ಬಲವಂತದ ಸಂಭೋಗ, ಸದಾ ಅನುಮಾನ, ಆಕೆ ಆಗತಾನೆ ಮನೆ ಬಿಟ್ಟಿರುವುದು ಇವೂ ಅದೇ ಸಾಲಿನ ಎಚ್ಚರಿಕೆಗಳು. ಮತ್ತೊಂದು ಇದೆ.

ಮನೆಯಲ್ಲಿ ಕೋವಿ ಇದೆ. ಅದರ ಬಗ್ಗೆ ಕೇಳುವುದು ಸರಿಯಾ?

ಬೇರೆ ಜಿಲ್ಲೆಯ ತರಬೇತಿಗಳಲ್ಲಿ ಈ ಪ್ರಶ್ನೆ ಬರುವುದಿಲ್ಲ, ನಮ್ಮಲ್ಲಿ ಬರದೆ ಇರಬಾರದು. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಶಸ್ತ್ರಾಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. 2019ರ ಕೇಂದ್ರದ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದ್‌ನಲ್ಲಿ ಹೂವಿಟ್ಟು ಪೂಜಿಸುವ ಕೋವಿಯ ಬಗ್ಗೆ ಮಾತಾಡಿದರೆ ಸಂಪ್ರದಾಯಕ್ಕೆ ಅವಮಾನ ಎಂದು ಹಿಂಜರಿಯುವವರಿದ್ದಾರೆ. ನಾವು ಪ್ರಶ್ನಿಸುತ್ತಿರುವುದು ಸಂಪ್ರದಾಯವನ್ನಲ್ಲ, ಕುಡಿದು ರೇಗಿದ ಒಬ್ಬನ ಕೈಗೆಟುಕುವ ಕೋವಿಯನ್ನು. ಪರವಾನಗಿಯ ಕೋವಿ ಎಷ್ಟೋ ತೋಟದ ಮನೆಗಳಲ್ಲೂ ಇದೆ, ಯಾವ ಜಾತಿಗೂ ಅಂಟಿಸುವ ಮಾತು ಇದಲ್ಲ.

ಕೇಳುವುದು ಹೀಗೆ: ಕೋವಿ ಎಲ್ಲಿಡುತ್ತಾರೆ? ಬೀಗ ಇದೆಯಾ? ತೋಟಾ ಜೊತೆಗೇ ಇದೆಯಾ? ಯಾವತ್ತಾದರೂ ತೋರಿಸಿ ಹೆದರಿಸಿದ್ದಾರಾ? ತೋರಿಸಿದ್ದರೆ ಅದನ್ನು ವರದಿಯಲ್ಲೂ ಅರ್ಜಿಯಲ್ಲೂ ಬರೆಸಿ. ಆಕೆಯ ಸುರಕ್ಷತೆಗೆ ಬೇಕಾದ ಯಾವುದೇ ನಿರ್ದೇಶನ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ 2005ರ ಕಾಯ್ದೆಯ 19ನೇ ಕಲಮಿನಲ್ಲಿದೆ. ಹಿಂಸೆಗೆ ಬಳಸಿದ ಆಯುಧವನ್ನು ನ್ಯಾಯಾಲಯ ಹೇಳಿದಾಗ ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವುದು ರಕ್ಷಣಾಧಿಕಾರಿಯ ಕೆಲಸ ಎಂದು 10ನೇ ನಿಯಮ ಹೇಳುತ್ತದೆ. ಕೋವಿಯನ್ನು ನೀನೇ ಬಚ್ಚಿಡು ಎಂದು ಆಕೆಗೆ ಮಾತ್ರ ಹೇಳಬೇಡಿ. ಅದು ಗೊತ್ತಾದ ದಿನ ಆಕೆಯ ಗತಿ ಏನು?

ರಕ್ಷಣಾಧಿಕಾರಿ ಯಾರು? ನಾನೇ ಅವರಿಗೆ ತಿಳಿಸಬಹುದಾ?

ಕರ್ನಾಟಕದಲ್ಲಿ ತಾಲೂಕು ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ, ನಾವು ಸಿಡಿಪಿಓ ಎನ್ನುತ್ತೇವಲ್ಲ, ರಕ್ಷಣಾಧಿಕಾರಿ. ಅಂಗನವಾಡಿ ಮೊಟ್ಟೆಯಿಂದ ಹಿಡಿದು ನೂರು ಕೆಲಸ ಅವರ ತಲೆ ಮೇಲಿವೆ, ಅದು ನನಗೂ ಗೊತ್ತು. ಆದರೂ ಕೌಟುಂಬಿಕ ಘಟನಾ ವರದಿ ಬರೆಯುವುದು, ಅರ್ಜಿಗೆ ನೆರವಾಗುವುದು, ಸುರಕ್ಷತಾ ಯೋಜನೆ ಮಾಡುವುದು ಅವರ ಕಾನೂನುಬದ್ಧ ಕರ್ತವ್ಯ.

ಯಾರು ಬೇಕಾದರೂ ಅವರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ, 4ನೇ ಕಲಂ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಆಕೆಯನ್ನು ಕೇಳದೆ ಕೊಡಬೇಡಿ.

ಘಟನಾ ವರದಿ ಇಲ್ಲದಿದ್ದರೆ ಕೋರ್ಟಿಗೆ ಹೋಗುವಂತಿಲ್ಲ ಎಂದು ಇನ್ನೂ ಹೇಳುವವರಿದ್ದಾರೆ. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವರದಿ ಕಡ್ಡಾಯವಲ್ಲ ಎಂದಿದೆ. ಆಕೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಕಾಯ್ದೆಯ ಪ್ರಕಾರ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಬರಬೇಕು, 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು. ವಾಸ್ತವದಲ್ಲಿ ಎಳೆಯುತ್ತದೆ. ಅದಕ್ಕೇ ವಕೀಲರಿಗೆ ಮೊದಲ ದಿನವೇ 23ನೇ ಕಲಮಿನ ಮಧ್ಯಂತರ ಆದೇಶ ಕೇಳಲು ಹೇಳಿ. ರಕ್ಷಣಾ ಆದೇಶ ಮೀರಿದರೆ 1 ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ವಕೀಲರ ಫೀಸಿಗೆ ಹಣ ಇಲ್ಲ ಎಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಣ್ಣು ಎಂಬ ಒಂದೇ ಕಾರಣಕ್ಕೆ, ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರು ಸಿಗುತ್ತಾರೆ. ತೋಟದ ಯಜಮಾನನ ಹೆಂಡತಿಗೂ ಇದು ಅನ್ವಯಿಸುತ್ತದೆ. ಹೆಸರಿಗೆ ಐವತ್ತು ಎಕರೆ, ಕೈಯಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದವರನ್ನು ನಾನು ಕಂಡಿದ್ದೇನೆ.

ಪೊಲೀಸ್ ದೂರು ನಾನೇ ಕೊಡಬೇಕಾ?

ಆಕೆಗೆ 18 ತುಂಬಿದ್ದರೆ ನಿರ್ಧಾರ ಆಕೆಯದು. ಗಂಡ, ಅವನ ನೆಂಟರು ಕೊಡುವ ಹಿಂಸೆಯ ಬಗೆಗಿನ ಹಳೆಯ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ, 2024ರ ಜುಲೈ 1ರಿಂದ. 3 ವರ್ಷದವರೆಗೆ ಶಿಕ್ಷೆ. ಈ ಕಲಮಿನಡಿ ಪೊಲೀಸರು ನೇರ ಕ್ರಮ ಕೈಗೊಳ್ಳಲು ಮಾಹಿತಿ ಸಾಮಾನ್ಯವಾಗಿ ಆಕೆಯಿಂದ ಅಥವಾ ಆಕೆಯ ನೆಂಟರಿಂದ ಬರಬೇಕು. ಹಾಗಾಗಿ ನೀವು ಜೊತೆಗೆ ಹೋಗಬಹುದು, ಆಕೆಯ ಬದಲು ದೂರು ಬರೆಯಲಾಗುವುದಿಲ್ಲ. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು, ‘ನಮ್ಮ ಸರಹದ್ದಲ್ಲ’ ಎಂದು ಕಳಿಸುವಂತಿಲ್ಲ.

18 ತುಂಬದ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯವಾಗಿದ್ದರೆ, ಅವನು ತಾಳಿ ಕಟ್ಟಿದ ಗಂಡನೇ ಆಗಿದ್ದರೂ, ಪೋಕ್ಸೋ ಕಾಯ್ದೆಯಡಿ ತಿಳಿಸಲೇಬೇಕು. ಬಸುರಿಯರ ತಾಯಿ ಕಾರ್ಡ್ ಮಾಡಿಸಲು ಬಂದ ಹದಿನಾರರ ಹುಡುಗಿಯನ್ನು ಕಂಡು ಸುಮ್ಮನಾದರೆ ಅಪರಾಧ ನಮ್ಮ ಮೇಲೆ ಬರುತ್ತದೆ. ಆ ಹುಡುಗಿಗೂ ಇದನ್ನು ಮೊದಲೇ, ಮೆತ್ತಗೆ ಹೇಳಿ.

ಮದುವೆ ರಿಜಿಸ್ಟರ್ ಆಗಿಲ್ಲ, ಶಾಸ್ತ್ರವೂ ಆಗಿಲ್ಲ. 2005ರ ಕಾಯ್ದೆ ಅನ್ವಯಿಸುತ್ತಾ?

ಮದುವೆಯಂಥ ಸಂಬಂಧದಲ್ಲಿ ಒಂದೇ ಮನೆಯಲ್ಲಿ ಬಾಳಿದವರಿಗೂ ಅನ್ವಯಿಸುತ್ತದೆ. ಹಾಡಿಗಳಲ್ಲಿ (ಆದಿವಾಸಿ ಕೇರಿಗಳಲ್ಲಿ), ಲೈನುಗಳಲ್ಲಿ ಜೊತೆಗಿದ್ದು ಮಕ್ಕಳಾದ ಎಷ್ಟೋ ಜೋಡಿಗಳಿಗೆ ಕಾಗದ ಇರುವುದಿಲ್ಲ. ರೇಷನ್ ಕಾರ್ಡ್, ಮಕ್ಕಳ ಜನನ ಪತ್ರ, ತಾಯಿ ಕಾರ್ಡಿನಲ್ಲಿ ಗಂಡನ ಹೆಸರು ಇವೇ ಸಾಕ್ಷಿ. ತಾಯಿ, ಅಕ್ಕ, ತಂಗಿ, ವಿಧವೆ ಅತ್ತಿಗೆ ಕೂಡ ಇದೇ ಕಾಯ್ದೆಯಡಿ ಬರಬಹುದು. ಅತ್ತೆಯ ವಿರುದ್ಧವೂ ಅರ್ಜಿ ಹಾಕಬಹುದು.

ಗಂಡನ ಹೆಸರಿನಲ್ಲಿ ಮನೆಯೇ ಇಲ್ಲ, ಅದು ಒಕ್ಕದ (ಕೊಡವ ಮನೆತನದ) ಮನೆ. ಅಥವಾ ಎಸ್ಟೇಟಿನ ಲೈನ್ ಮನೆ. ಆಕೆಗೆ ಅಲ್ಲಿರುವ ಹಕ್ಕಿದೆಯಾ?

ಒಕ್ಕದ ಮನೆಯಾದರೆ ಉತ್ತರ ಸುಲಭ. ಗಂಡ ಸದಸ್ಯನಾಗಿರುವ ಕೂಡುಕುಟುಂಬದ ಮನೆಯಲ್ಲಿ ಆಕೆ ಸಂಸಾರ ಮಾಡಿದ್ದರೆ, ಗಂಡನಿಗೋ ಆಕೆಗೋ ಅದರಲ್ಲಿ ಪಾಲು ಇರಲಿ ಬಿಡಲಿ, ವಾಸದ ಹಕ್ಕು ಇದೆ. 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ತೀರ್ಪು ಮಾವನ ಹೆಸರಿನ ಮನೆಗೂ ಇದನ್ನು ಎತ್ತಿಹಿಡಿಯಿತು. ಆದೇಶವಿಲ್ಲದೆ ಹೊರದಬ್ಬುವಂತಿಲ್ಲ. ಇದು ವಾಸದ ಹಕ್ಕು, ಆಸ್ತಿಯ ಪಾಲಲ್ಲ. ಇದನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಿದರೆ ಅರ್ಧ ವಿರೋಧ ಕರಗುತ್ತದೆ.

ಲೈನ್ ಮನೆ ಕಷ್ಟದ್ದು. ಅಲ್ಲಿ ಮನೆ, ಕೂಲಿ, ಅಡ್ವಾನ್ಸ್ ಸಾಲ, ಮಕ್ಕಳ ಶಾಲೆ ಎಲ್ಲವೂ ಒಂದೇ ಗಂಟಿನಲ್ಲಿವೆ. ಗಂಡನನ್ನು ಬಿಟ್ಟರೆ ಕೆಲಸವೂ ಹೋಗುತ್ತದೆ, ತಲೆ ಮೇಲಿನ ಸೂರೂ ಹೋಗುತ್ತದೆ ಎಂಬ ಭಯ ಸುಳ್ಳಲ್ಲ. ರೈಟರ್ ಅಥವಾ ಮಾಲೀಕರ ಜೊತೆ ಮಾತಾಡಲು ಆಕೆ ಒಪ್ಪಿದರೆ ಮೂರನ್ನು ಕೇಳಿ: ಆಕೆಯ ಕೂಲಿ ಆಕೆಯ ಕೈಗೋ ಆಕೆಯ ಖಾತೆಗೋ ಬರಲಿ, ಗಂಡನ ಅಡ್ವಾನ್ಸನ್ನು ಆಕೆಯ ಲೆಕ್ಕಕ್ಕೆ ಬರೆಯದಿರಲಿ, ಆಕೆ ಬೇರೆ ಲೈನಿಗೆ ಹೋಗಲು ಅವಕಾಶವಾಗಲಿ. ಇವನ್ನು ಒಪ್ಪಿದ ರೈಟರ್‌ಗಳಿದ್ದಾರೆ. ‘ನಮ್ಮ ತೋಟದಲ್ಲಿ ಗಲಾಟೆ ಬೇಡ’ ಎಂದು ಇಬ್ಬರನ್ನೂ ಹೊರಹಾಕಿದವರೂ ಇದ್ದಾರೆ. ಅದಕ್ಕೇ ಮೊದಲು ಆಕೆಯ ಒಪ್ಪಿಗೆ, ಆಮೇಲೆ ಮಾತು.

ಆಕೆ ಅಸ್ಸಾಮಿನಿಂದಲೋ ಪಿರಿಯಾಪಟ್ಟಣದಿಂದಲೋ ಬಂದವಳಾದರೂ, ತಾತ್ಕಾಲಿಕವಾಗಿ ಇಲ್ಲಿದ್ದರೂ ಸಾಕು, ಇಲ್ಲಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು.

ಊರಿನ ಹಿರಿಯರು ಕೂತು ಮಾತಾಡಿ ಸರಿ ಮಾಡ್ತೀವಿ ಅಂತಾರೆ.

ಹಿರಿಯರ ಮೇಲೆ ನನಗೆ ಗೌರವ ಇದೆ, ಕೆಲವು ಮನೆಗಳನ್ನು ಅವರು ಉಳಿಸಿದ್ದಾರೆ. ಆದರೆ ಹೊಡೆದವನ ಎದುರು ಹೊಡೆಸಿಕೊಂಡವಳನ್ನು ಕೂರಿಸಿ ‘ಈಗ ಹೇಳಮ್ಮಾ’ ಎಂದರೆ ಆಕೆ ನಿಜ ಹೇಳುವುದಿಲ್ಲ. ಹೇಳಿದರೆ ಆ ರಾತ್ರಿ ಅದಕ್ಕೆ ಬೆಲೆ ತೆರುತ್ತಾಳೆ. ನ್ಯಾಯಾಲಯ ಕಳಿಸುವ ಆಪ್ತಸಮಾಲೋಚನೆಯಲ್ಲೂ ತನ್ನ ಹಿಂಸೆಗೆ ಸಮರ್ಥನೆ ಕೊಡಲು ಗಂಡನಿಗೆ ಅವಕಾಶವಿಲ್ಲ, ನಿಯಮ ಹಾಗಿದೆ. ಪಂಚಾಯ್ತಿಯಲ್ಲಿ ನಡೆಯುವುದೆಲ್ಲ ಸಮರ್ಥನೆಯೇ: ಸಾರಿಗೆ ಉಪ್ಪು ಹಾಕಲಿಲ್ಲ, ಫೋನಿನಲ್ಲಿ ಮಾತಾಡಿದಳು, ತವರಿಗೆ ಹೋದಳು. ಆಕೆಯೇ ಬಯಸಿ ಕೂತರೆ, ‘ಇನ್ನು ಮುಂದೆ ಕೈ ಎತ್ತುವುದಿಲ್ಲ’ ಎಂಬುದು ಮೊದಲ ಸಾಲಾಗಿ ಬರಹದಲ್ಲಿ ಬರಲಿ, ಪ್ರತಿ ಆಕೆಯ ಕೈಯಲ್ಲಿರಲಿ.

ಮಳೆಗಾಲದಲ್ಲಿ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ಸಂಜೆಯ ಮೇಲೆ ಬಸ್ಸಿಲ್ಲ. ಸುರಕ್ಷತಾ ಯೋಜನೆ ಎಂದರೆ ಏನು?

ಜುಲೈನಲ್ಲಿ ಒಳತೋಟದ ಮನೆಯಿಂದ ರಾತ್ರಿ ಓಡುವ ದಾರಿ ಎಂದರೆ ಜಿಗಣೆ, ಆನೆ, ತುಂಬಿದ ಹೊಳೆ. ಆದ್ದರಿಂದ ನಮ್ಮಲ್ಲಿ ಯೋಜನೆ ಎಂದರೆ ಹಗಲಿನದು. ಮುಂದಿನ ಸಂತೆ ದಿನ, ಮಗುವಿನ ಚುಚ್ಚುಮದ್ದಿನ ದಿನ, ಬೆಳಗಿನ ಮೊದಲ ಬಸ್ಸು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡು ಬೇಡ, ಗುರುತಿನ ಚೀಟಿ ಸಾಕು. ಆದರೆ ಒಳರಸ್ತೆಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು. ಆ ಮೊದಲ ತುಂಡಿನ ಚಾರ್ಜು ಎಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಕೇಳಿ.

ರಾತ್ರಿಗೆ: ಹತ್ತಿರದ ಯಾವ ಮನೆಯವರು ಬಾಗಿಲು ತೆಗೆಯುತ್ತಾರೆ, ಮಕ್ಕಳಿಗೆ ಯಾವ ಮಾತು ಹೇಳಿದರೆ ಅಲ್ಲಿಗೆ ಓಡಬೇಕು. ಜಗಳ ಶುರುವಾದರೆ ಅಡುಗೆಮನೆಯಲ್ಲಿ ನಿಲ್ಲಬಾರದು, ಅಲ್ಲಿ ಕತ್ತಿ, ಸೌದೆ ಎಲ್ಲ ಕೈಗೆ ಸಿಗುತ್ತವೆ. ಆಧಾರ್, ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ, ಪಾಸ್‌ಬುಕ್, ಆಸ್ಪತ್ರೆ ಚೀಟಿಗಳ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ನಂಬುವವರ ಮನೆಯಲ್ಲಿಡಲಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆಯ ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ ಎಂದೂ ಕೇಳಿ.

ಹೊರಟು ಬಂದರೆ ಸಖಿ ಒನ್ ಸ್ಟಾಪ್ ಕೇಂದ್ರವಿದೆ. ಚಿಕಿತ್ಸೆ, ಪೊಲೀಸ್, ಕಾನೂನು, ಆಪ್ತಸಮಾಲೋಚನೆ ಒಂದೇ ಕಡೆ, ಜೊತೆಗೆ ಕೆಲವು ದಿನ ತಂಗಲು ಜಾಗ. ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಕಾನೂನು ನೆರವಿಗೆ 15100, ಮನಸ್ಸಿನ ತೊಳಲಾಟಕ್ಕೆ ಟೆಲಿ ಮಾನಸ್ 14416. ಈ ನಂಬರುಗಳ ಚೀಟಿಯನ್ನು ಆಕೆಯ ಕೈಗೆ ಕೊಡುವ ಮೊದಲು ಅದು ಮನೆಯಲ್ಲಿ ಸಿಕ್ಕಿದರೆ ಏನಾಗುತ್ತದೆ ಎಂದು ಯೋಚಿಸಿ. 181 ಬಾಯಿಪಾಠವಾದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ವಾಪಸ್ ಹೋದಳು.

ಹೋಗುತ್ತಾರೆ. ಒಮ್ಮೆಯಲ್ಲ, ನಾಲ್ಕೈದು ಸಲ. ಬೇಸರ ತೋರಿಸಬೇಡಿ. ‘ಮತ್ತೆ ಬಂದ್ರಾ?’ ಎಂಬ ಧ್ವನಿ ಒಮ್ಮೆ ಕೇಳಿದರೆ ಮುಂದಿನ ಸಲ ನಿಮ್ಮ ಬಾಗಿಲಿಗೆ ಬರುವುದಿಲ್ಲ. ಕಡತ ಮುಚ್ಚಬೇಡಿ.

ಹೊಡೆಯುವವನು ನನ್ನ ಗಂಡನ ಕಡೆಯವರಿಗೆ ನೆಂಟ. ನಾನು ಈ ಕೇಸ್ ನೋಡಬಹುದಾ?

ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಇದು ಆಗುತ್ತಲೇ ಇರುತ್ತದೆ. ಆಕೆಗೆ ನೇರ ಹೇಳಿ, ಬೇರೆಯವರು ಬೇಕಾ ಎಂದು ಕೇಳಿ. ಮದುವೆ ಮನೆಯಲ್ಲಿ ಎದುರಾದರೆ ನೀವಾಗಿ ಮಾತಾಡಿಸಬೇಡಿ.

ಆಕೆಯ ಫೋನಿಗೆ ನಾನು ವಾಪಸ್ ಕರೆ ಮಾಡಬಹುದಾ?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದೆ. ಸಂಜೆ ಏಳಕ್ಕೆ, ‘ಹುಷಾರಾಗಿದ್ದೀರಾ’ ಎಂದು ಕೇಳಲು. ಎತ್ತಿದ್ದು ಗಂಡ. ‘ಯಾರು?’ ಎಂದ. ನನಗೆ ಏನು ಹೇಳುವುದೋ ತೋಚದೆ ಇಟ್ಟುಬಿಟ್ಟೆ. ಉತ್ತರವಿಲ್ಲದೆ ಕಡಿದುಹೋದ ಕರೆ ಅನುಮಾನದ ಗಂಡನಿಗೆ ಏನು ಅರ್ಥ ಕೊಡುತ್ತದೆಂದು ನನಗೆ ಹೊಳೆದದ್ದು ಮೂರನೇ ದಿನ, ಆಕೆ ಸೆರಗಿನಿಂದ ಕಿವಿ ಮುಚ್ಚಿಕೊಂಡು ಬಂದಾಗ. ಆಕೆ ನನ್ನನ್ನು ಬೈಯಲಿಲ್ಲ. ‘ಅಕ್ಕಾ, ಇನ್ನು ಮೇಲೆ ಬೆಳಿಗ್ಗೆ ಹತ್ತು ಗಂಟೆಗೆ ಮಾಡಿ, ಆಗ ಫೋನ್ ನನ್ನ ಹತ್ರ ಇರುತ್ತೆ’ ಎಂದಳು.

ಈಗ ಮೊದಲ ಭೇಟಿಯಲ್ಲೇ ನಾಲ್ಕು ವಿಷಯ ಕೇಳಿ ಕಡತದ ಮೇಲ್ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತೇನೆ: ಯಾವ ನಂಬರು, ಯಾವ ಹೊತ್ತು, ವಾಟ್ಸಾಪ್ ಬೇರೆ ಯಾರಾದರೂ ನೋಡುತ್ತಾರಾ, ಗಂಡ ಎತ್ತಿದರೆ ನಾನು ಯಾರು. ಕೊನೆಯದಕ್ಕೆ ಉತ್ತರ ಆಕೆಯೇ ಕೊಡುತ್ತಾಳೆ. ಒಬ್ಬರಿಗೆ ನಾನು ಸ್ತ್ರೀಶಕ್ತಿ ಸಂಘದ ಕಂತು ಕೇಳುವವಳು, ಇನ್ನೊಬ್ಬರಿಗೆ ಟೈಲರ್, ಮತ್ತೊಬ್ಬರಿಗೆ ಮಗುವಿನ ಅಂಗನವಾಡಿ ಟೀಚರ್.